ಆ ಆರು ರನ್ನು

ಇವತ್ತು ಬೆಳಿಗ್ಗೆ ದೊಡ್ಡಬಳ್ಳಾಪುರದ ಒಂದು ಹೋಟೆಲಿನಲ್ಲಿ ತಿಂಡಿ ಮುಗಿಸಿ ಕೈ ತೊಳೆಯಲು ಏಳುತ್ತಿದ್ದೆ. ಎದುರು ಕೂತಿದ್ದ ಹಿರಿಯರು ಮೊಬೈಲಿನಿಂದ ಕಣ್ಣು ಕೀಳದೆ, “ಕೂತ್ಕೊಳ್ಳಿ ಸ್ವಾಮಿ, ಈ ಓವರ್ ಮುಗೀಲಿ. ನೀವೆದ್ರೆ ವಿಕೆಟ್ ಬೀಳುತ್ತೆ” ಅಂದರು. ರಣಜಿ ಪಂದ್ಯ, ಕರ್ನಾಟಕದ ಬ್ಯಾಟಿಂಗ್. ಗುರುತು ಪರಿಚಯವಿಲ್ಲದವರ ಈ ಅಪ್ಪಣೆಗೆ ಸಿಡುಕು ಬಂತು. ಆದರೂ ಎಂಜಲು ಕೈಯಲ್ಲೇ ಕೂತೆ. ವಿಕೆಟ್ ಬೀಳಲಿಲ್ಲ. “ಈಗ ಏಳಿ” ಎಂದು ಅವರು ನಕ್ಕಾಗ ಸಿಡುಕು ಇಳಿದು, ತಂಡಕ್ಕೆ ನಾನೂ ಏನೋ ಮಾಡಿಕೊಟ್ಟೆನೆಂಬ ಸಂತೋಷವಾಯಿತು.

ಕ್ರಿಕೆಟ್ ಹುಚ್ಚಿನ ಬಗ್ಗೆ ಎಲ್ಲರಿಗೂ ಗೊತ್ತು, ಅದು ಬಿಡಿ. ನನಗೆ ಬೇಕಾದದ್ದು ರಣಜಿ ಹುಚ್ಚು. ಖಾಲಿ ಸ್ಟ್ಯಾಂಡಿನ ಮುಂದೆ ನಾಲ್ಕು ದಿನ ನಡೆಯುವ ಆಟವನ್ನು ಮಗ್ಗದ ಸದ್ದಿನ ನಡುವೆಯೂ ಹಿಂಬಾಲಿಸುವವರು ಈ ಊರಲ್ಲಿದ್ದಾರೆ. ಅಂಥವರ ಹತ್ತಿರ 1974ರ ಮಾತೆತ್ತಿ ನೋಡಿ. 1973ರ ನವೆಂಬರಿನಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಅದೇ ಋತುವಿನಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ, ಸತತ ಹದಿನೈದು ಸಲ ಗೆದ್ದಿದ್ದ ಬಾಂಬೆ ನಮ್ಮ ಕೈಲಿ ಸೋತಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ ಶತಕ, ಪ್ರಸನ್ನ ಎಸೆತಕ್ಕೆ ಗವಾಸ್ಕರ್ ಬೌಲ್ಡ್, ಜಾರಿಬಿದ್ದ ವಾಡೇಕರ್ ರನೌಟ್. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಮಣಿಸಿ ಮೊದಲ ಕಪ್. ಇದನ್ನು ಹೇಳುವಾಗ ಅವರು ವಾಡೇಕರ್ ಕಾಲು ಜಾರುವ ಕಡೆ ನಿಂತುಬಿಡುತ್ತಾರೆ. ಎಷ್ಟು ಸಲ ಕೇಳಿದರೂ ಅಲ್ಲಿ ನನ್ನ ಉಸಿರೂ ಕಟ್ಟುತ್ತದೆ.

ನನ್ನ ಗೀಳು ಬೇರೆ: ಆರು ರನ್ನು. 2009ರಲ್ಲಿ ಆರ್‌ಸಿಬಿ ಐಪಿಎಲ್ ಫೈನಲ್ ಸೋತದ್ದು ಆರು ರನ್ನಿಗೆ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದ ರಣಜಿ ಫೈನಲ್‌ನಲ್ಲಿ ಮುಂಬೈ ಎದುರು ಗೆಲ್ಲಲು ಕರ್ನಾಟಕಕ್ಕೆ 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು, ತಂಡ 331ಕ್ಕೆ ನಿಂತಿತು. ಮತ್ತೆ ಆರು ರನ್ನು! ಆ ಸೋಲು ಇನ್ನೂ ನೋಯುತ್ತದೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಕೊನೆಗೂ ಕಪ್ ಗೆದ್ದದ್ದೂ ಆರೇ ರನ್ನಿಗೆ. ಮರುದಿನ ಬೆಂಗಳೂರಿನ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ತೀರಿಕೊಂಡರು. ಹಾಗಾಗಿ ಆ ಗೆಲುವಿನ ಮಾತು ಬಾಯಿಗೆ ಸಲೀಸಾಗಿ ಬರುವುದಿಲ್ಲ, ಮೈಸೂರಿನ ಸೋಲಿಗೇ ಮನಸ್ಸು ವಾಲುತ್ತದೆ. ಅವತ್ತು ಯಾರೋ ಹೊತ್ತಲ್ಲದ ಹೊತ್ತಲ್ಲಿ ಎದ್ದಿರಬೇಕು.

ಇದು ನಮ್ಮೂರಿನ ಮಂದಿಯ ನಂಬಿಕೆ ಮಾತ್ರವಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಚಿಕಾಗೋ ಕಬ್ಸ್ ತಂಡ 1908ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಮೇಲೆ ಮತ್ತೆ 2016ರವರೆಗೂ ಅದನ್ನು ಗೆಲ್ಲಲಿಲ್ಲ. ಮೈದಾನಕ್ಕೆ ಬಿಡದೆ ಹೊರಗೆ ಹಾಕಿದ ಒಂದು ಹೋತದ ಶಾಪ ಇದಕ್ಕೆ ಕಾರಣ ಎಂದು ಅಲ್ಲಿನ ಅಭಿಮಾನಿಗಳು ತಲೆಮಾರುಗಟ್ಟಲೆ ಹೇಳಿಕೊಂಡು ಬಂದರು.

ನಮ್ಮ ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟರೆ ಕುಮಾರವ್ಯಾಸನ ವಿರಾಟಪರ್ವ ಓದಿಸುವುದಿಲ್ಲವೆ? ಧರ್ಮರಾಯ ಇದ್ದ ನಾಡಿನಲ್ಲಿ ಮಳೆಬೆಳೆ ಚೆನ್ನಾಗಿರುತ್ತದೆ, ಅದನ್ನು ನೋಡಿ ಪಾಂಡವರನ್ನು ಹುಡುಕಿ ಎಂದು ಭೀಷ್ಮ ಹೇಳುವ ಕಥೆ ಅದು. ಮೋಡ ನಮ್ಮ ಮಾತು ಕೇಳುತ್ತದೆಂದು ಓದಿಸುವುದಲ್ಲ. ಕೈಕಟ್ಟಿ ಕೂರಲಾರದೆ ನಮ್ಮ ಪಾಲಿನದನ್ನು ಮಾಡುತ್ತೇವೆ. ಬೆಳಿಗ್ಗೆ ಆ ಹಿರಿಯರು ನನ್ನಿಂದ ಮಾಡಿಸಿದ್ದೂ ಅದನ್ನೇ.

ವಿರಾಟಪರ್ವ ಕೇಳಿ ಬಹಳ ಕಾಲವಾಯಿತು. ಎಲ್ಲಾದರೂ ಓದಿಸಿದರೆ ಹೋಗಿ ಮುಂದಿನ ಸಾಲಿನಲ್ಲೇ ಕೂರಬೇಕು. ಹೆಂಗಸರ ಮುಂದೆ ಬಡಾಯಿ ಕೊಚ್ಚಿದ ಉತ್ತರಕುಮಾರ ಕೌರವರ ಸೇನೆ ಕಂಡು ರಥದಿಂದ ಧುಮುಕಿ ಓಡುತ್ತಾನಲ್ಲ, ಆ ಭಾಗವನ್ನು ಈಗಿನ ಕೆಲವರು ಹೊತ್ತಾಯಿತೆಂದು ಬೇಗ ಮುಗಿಸುತ್ತಾರೆ. ಹಾಗೆ ಮಾಡಬಾರದು. ಅವನು ಓಡುವಷ್ಟೂ ಓಡಲಿ, ಬೃಹನ್ನಳೆ ಅಟ್ಟಿಸಿಕೊಂಡು ಹೋಗಿ ಹಿಡಿಯಲಿ, ರಾತ್ರಿ ಹನ್ನೊಂದಾದರೂ ಸರಿ.