ಸಾಲಾಗಿ ನಿಂತ ಫೋಟೋ

ಡಿಲೀಟ್ ಮಾಡಿದ್ದು ನಾನೇ. ಆಮೇಲೆ ಕೇಳಿದವರಿಗೆ ಕಾರ್ಡ್ ಕೆಟ್ಟುಹೋಯ್ತು ಅಂತ ಸುಳ್ಳು ಹೇಳಿದೆ.

ಕ್ಯಾಮೆರಾ ಇಎಂಐ ಮೇಲೆ ತಗೊಂಡ ವರ್ಷ ಅದು. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೊರಟು ನಸುಕಿನಲ್ಲಿ ಬೆಳಗಾವಿಯಲ್ಲಿ ಇಳಿದರೆ, ಖಾನಾಪುರ ತಾಲೂಕಿನ ನಮ್ಮೂರ ಬಸ್ಸಿಗೆ ಇನ್ನೂ ಹೊತ್ತಿರುತ್ತಿತ್ತು. ಸ್ಟ್ಯಾಂಡಿನಿಂದ ಕೋಟೆ ನಡೆದು ಹೋಗುವಷ್ಟೇ ದೂರ. ಆ ಸಲ ಕಂದಕದ ಹೊರಗೆ, ರಸ್ತೆ ಪಕ್ಕದ ಖಾಲಿ ಜಾಗದಲ್ಲಿ ಬೈಲಪತ್ತಾರರು ಬಿಡಾರ ಹಾಕಿದ್ದರು. ಘಿಸಾಡಿ ಅಂತಲೂ ಕರೀತಾರೆ. ಊರೂರು ತಿರುಗಿ ಕಬ್ಬಿಣದ ಕೆಲಸ ಮಾಡುವ ಜನ. ಹಳೇ ಲಾರಿಯ ಪಾಟಾ ತುಂಡು ಕಾಯಿಸಿ ಕುಡಗೋಲು, ಕುರಪಿ, ಕೊಡಲಿ ಮಾಡಿಕೊಡ್ತಾರೆ. ಗಂಡಸು ಕೂತು ಇಕ್ಕಳದಲ್ಲಿ ಹಿಡಿದರೆ, ಎದುರಿಗೆ ನಿಂತು ಘಣ ಎತ್ತಿ ಹಾಕುವವಳು ಹೆಂಗಸು. ಆ ಘಣ ನಾನು ಒಮ್ಮೆ ಎತ್ತಿ ನೋಡಿದೆ. ಎರಡನೇ ಸಲ ಎತ್ತಲಿಲ್ಲ.

ಇನ್ನೂರಕ್ಕೂ ಹೆಚ್ಚು ಫೋಟೋ ಹೊಡೆದೆ. ಕಿಡಿ, ಹೊಗೆ, ಬೆವರು, ಹಿಂದೆ ಕೋಟೆ ಗೋಡೆ, ಎಳೆ ಬಿಸಿಲು. ಹೊರಡುವಾಗ ಇಕ್ಕಳ ಹಿಡಿದಿದ್ದ ಅಜ್ಜ, "ತಮ್ಮಾ, ಎಲ್ಲಾರ್ದೂ ಕೂಡಿ ಒಂದ್ ತಗಿ" ಅಂದ. ಹೋಗಿ ಮುಖ ತೊಳೆದು ಪಟಗ ಸುತ್ತಿಕೊಂಡು ಬಂದ. ಮಕ್ಕಳಿಗೆ ತಲೆ ಬಾಚಿದರು. ಅಜ್ಜನನ್ನು ನಡುವೆ ಕೂರಿಸಿ ಏಳು ಜನ ಸಾಲಾಗಿ, ಕೈ ನೇರ ಬಿಟ್ಟು, ಉಸಿರು ಹಿಡಿದು ನಿಂತರು. ಒಂದೇ ಒಂದು ಕ್ಲಿಕ್ ಮಾಡಿದೆ. ಮನೆಗೆ ಹೋಗಿ ನೋಡಿದರೆ ನನಗದು ರೇಷನ್ ಕಾರ್ಡಿನ ಫೋಟೋ ಥರ ಕಂಡಿತು. ಅಳಿಸಿದೆ.

ಘಣ ಎತ್ತಿದ ಹೆಂಗಸಿನ ಫೋಟೋ ಇನ್‌ಸ್ಟಾಗ್ರಾಂನಲ್ಲಿ ಓಡಿತು. ಕೆಳಗೆ "ಇಂಡಿಯನ್ ಜಿಪ್ಸಿ" ಅಂತ ಟ್ಯಾಗ್ ಹಾಕಿದ್ದೆ. ಆಗ ನನ್ನ ತಲೆಯಲ್ಲಿ ಜೋಸೆಫ್ ಕೌಡೆಲ್ಕಾ. ಚೆಕೊಸ್ಲೊವಾಕಿಯಾದ ರೋಮಾ ಬಿಡಾರಗಳನ್ನು ವರ್ಷಗಟ್ಟಲೆ ಸುತ್ತಿ ಫೋಟೋ ತೆಗೆದು 1975ರಲ್ಲಿ 'ಜಿಪ್ಸೀಸ್' ಅನ್ನೋ ಪುಸ್ತಕ ತಂದವನು. ಅವನು ವರ್ಷಗಟ್ಟಲೆ, ನಾನು ಒಂದೂವರೆ ತಾಸು. ಜಿಪ್ಸಿ ಅನ್ನೋ ಹೆಸರೇ ತಪ್ಪು ವಿಳಾಸ, ಈಜಿಪ್ಟಿನಿಂದ ಬಂದವರು ಅಂದುಕೊಂಡು ಯುರೋಪಿನವರು ಇಟ್ಟದ್ದು. ಅವರ ಪೂರ್ವಿಕರು ಹೊರಟಿದ್ದು ನಮ್ಮ ಉತ್ತರ ಭಾರತದ ಕಡೆಯಿಂದ. ಇವತ್ತಿಗೂ ಅವರ ಭಾಷೆಯಲ್ಲಿ ನೀರಿಗೆ 'ಪಾನಿ', ಕಿವಿಗೆ 'ಕಾನ್'.

ನಮ್ಮಲ್ಲೂ ತಿರುಗಾಡುವವರನ್ನು ಫೋಟೋ ಹಿಡಿಯುವ ಚಟ ಹಳೆಯದು. 1868ರಿಂದ 1875ರ ತನಕ ಬ್ರಿಟಿಷರು 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ತಂದರು. ಫೋಟೋ ಕೆಳಗೆ ಈ ಜಾತಿಯವರು ಹೀಗೆ, ಇವರ ಗುಣ ಹೀಗೆ ಅಂತ ಬರಹ. ಆ ಸಂಪುಟಗಳು ಬರುತ್ತಿದ್ದಾಗಲೇ, 1871ರಲ್ಲಿ, ಇಡೀ ಇಡೀ ಸಮುದಾಯಗಳನ್ನು ಹುಟ್ಟುಗಳ್ಳರು ಅಂತ ಪಟ್ಟಿ ಮಾಡುವ ಕಾಯ್ದೆಯೂ ಬಂತು. ಅದು ಹೋಗಿದ್ದು 1952ಕ್ಕೆ. ನನ್ನ ಟ್ಯಾಗ್ ಅಷ್ಟು ಕೆಟ್ಟದ್ದಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ.

ಮುಂದಿನ ವರ್ಷ ಸುಗ್ಗಿ ಹೊತ್ತಿಗೆ ಅದೇ ಜಾಗದಲ್ಲಿ ಅದೇ ಬಿಡಾರ. ಘಣದ ಅಕ್ಕ ದೂರದಿಂದಲೇ ಗುರುತು ಹಿಡಿದಳು.

"ಫೋಟೋ ತಂದೀರೇನ್ರಿ?"

ಮೊಬೈಲಿನಲ್ಲಿ ಅವಳದೇ ಫೋಟೋ ತೋರಿಸಿದೆ. ನೋಡಿ ಪಕ್ಕಕ್ಕೆ ಸರಿಸಿದಳು. "ನಂದಲ್ರಿ. ಮಾವಂದು. ಎಲ್ಲಾರೂ ನಿಂತಿದ್ದು." ಮಾವ ಮಳೆಗಾಲದಲ್ಲಿ ತೀರಿಕೊಂಡಿದ್ದ. ಅಜ್ಜನ ಮುಖ ಬೇರೆ ಯಾರ ಹತ್ತಿರವೂ ಇರಲಿಲ್ಲ. ನನ್ನ ಕಲಾತ್ಮಕ ಫೋಟೋಗಳಲ್ಲಿ ಅಜ್ಜನ ಕೈ ಇತ್ತು, ಇಕ್ಕಳ ಇತ್ತು, ಹೊಗೆಯಾಚೆ ಮಸುಕಾದ ಪಟಗ ಇತ್ತು. ಮುಖ ಒಂದರಲ್ಲೂ ಇರಲಿಲ್ಲ.

"ಕಾರ್ಡ್ ಕೆಟ್ಟಿತ್ರೀ ಅಕ್ಕಾರ" ಅಂದು ಬಸ್ ಹತ್ತಿದೆ.

ಊರಿಗೆ ಹೋದ ಮರುದಿನವೇ ಮನೆಗೆ ಹೆಳವ ಬರಬೇಕೇ? ಹಿಂದೆ ಇವರು ಎತ್ತಿನ ಮೇಲೆ ಬರುತ್ತಿದ್ದರು, ನಮ್ಮ ಹೆಳವ ಈಗ ಬೈಕ್ ಮೇಲೆ ಬರುತ್ತಾನೆ. ಕಟ್ಟೆ ಮೇಲೆ ಕೂತು ನಮ್ಮ ಮನೆತನದ ವಂಶಾವಳಿ ಓದಿದ. ಮುತ್ತಜ್ಜ, ಅವನಪ್ಪ, ಎಲ್ಲಿಂದ ಬಂದರು, ಯಾರಿಗೆ ಯಾರನ್ನು ಕೊಟ್ಟರು. ಅಪ್ಪನ ಮಕ್ಕಳ ಸಾಲಿಗೆ ಬಂದಾಗ ನನಗಿಂತ ಮೊದಲು ಒಂದು ಹೆಸರು ಓದಿದ. ಹನ್ನೊಂದು ದಿನ ಬದುಕಿದ ನನ್ನಕ್ಕ. ನಮ್ಮನೆಯಲ್ಲಿ ಆ ಹೆಸರು ಯಾರೂ ಎತ್ತುವುದಿಲ್ಲ, ಫೋಟೋ ಅಂತೂ ಇಲ್ಲವೇ ಇಲ್ಲ. ಅವ್ವ ಒಳಗಿನಿಂದ ಜೋಳದ ಮರ ತಂದವಳು ಬಾಗಿಲಲ್ಲೇ ನಿಂತಳು. ಹೆಳವ ಪುಟ ತಿರುಗಿಸಿ, ನನ್ನ ಮಗಳ ಹೆಸರು ಕೇಳಿ ಬರೆದುಕೊಂಡ.

ಆ ರಾತ್ರಿ ಹಳೇ ಕಾರ್ಡ್ ಹುಡುಕಿದೆ. ಇಷ್ಟು ಗೊತ್ತಿರಲಿ: ಫೈಲ್ ಅಳಿಸಿದರೆ ಅಳಿಯುವುದು ಅದು ಎಲ್ಲಿದೆ ಅನ್ನುವ ಲೆಕ್ಕ ಮಾತ್ರ. ಮೇಲೆ ಬೇರೇನಾದರೂ ಬರೆಯುವ ತನಕ ಒಳಗಿನದು ಅಲ್ಲೇ ಇರುತ್ತದೆ. ಆದರೆ ನಾನು ಆಮೇಲೆ ಗೆಳೆಯನ ಮದುವೆ ಬರೆದಿದ್ದೆ. ರಿಕವರಿ ಸಾಫ್ಟ್‌ವೇರ್ ಮೂರು ತಾಸು ಓಡಿ, ಆ ಫೈಲಿನ ತಲೆಭಾಗ ಅಷ್ಟೇ ಹೊರತೆಗೆಯಿತು. ಅದರೊಳಗೆ ಅಂಚೆಚೀಟಿಯಷ್ಟು ಥಂಬ್‌ನೇಲ್. ಅಗಲ 160 ಪಿಕ್ಸೆಲ್, ಎತ್ತರ 120. ಏಳು ಜನ. ಅಜ್ಜನ ಮುಖಕ್ಕೆ ಹತ್ತೋ ಹನ್ನೊಂದೋ ಪಿಕ್ಸೆಲ್.

ಭಾನುವಾರ ಬೆಳಗಾವಿಗೆ ಬಂದು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದೆ. ಸ್ಟುಡಿಯೋದವನು, "ಇಷ್ಟ ದೊಡ್ಡದ ಮಾಡಿದ್ರ ಒಡೀತೈತ್ರಿ ಸರ್" ಅಂದ. ಪರವಾಗಿಲ್ಲ ಅಂದೆ.

ಅಕ್ಕ ಪ್ರಿಂಟ್ ದೂರ ಹಿಡಿದಳು, ಹತ್ತಿರ ಹಿಡಿದಳು.

"ಕಾರ್ಡ್ ಕೆಟ್ಟೈತಿ ಅಂದಿದ್ರಿ?"

"ಇಲ್ರಿ. ನಾನ ಅಳಿಸಿದ್ದೆ. ಚಲೋ ಬಂದಿಲ್ಲ ಅನ್ನಿಸಿತ್ತು."

ಅವಳು ಏನೂ ಅನ್ನಲಿಲ್ಲ. ಗಂಡನನ್ನು ಕರೆದು ಅವರ ಮಾತಿನಲ್ಲಿ ಏನೋ ಹೇಳಿದಳು. ಆತ ಬೆರಳಿಟ್ಟು, "ಪಟಗಾ ನೋಡ್ರಿ, ಒಂದ್ ಕಡೆ ವಾಲೇತಿ. ಅಪ್ಪಂದ ಹಂಗ" ಅಂದ. ನನಗೆ ಅಲ್ಲಿ ಕಂಡಿದ್ದು ಒಂದು ಕೆಂಪು ಮಚ್ಚೆ.

ದುಡ್ಡು ಎಷ್ಟು ಅಂತ ಕೇಳಿದಳು. ಬೇಡ ಅಂದೆ. "ಪುಕ್ಕಟ ತಗೊಳ್ಳೂದಿಲ್ರಿ" ಅಂತ ಒಂದು ಕುರಪಿ ತಂದು ಕೈಗಿಟ್ಟಳು. ಆಮೇಲೆ ಮಕ್ಕಳನ್ನು ಕೂಗಿದಳು, ತಲೆ ಬಾಚಲು ಶುರುಮಾಡಿದಳು.

"ಈಗ ಮತ್ತೊಂದ್ ತಗೀರಿ. ಎಲ್ಲಾರ್ದೂ. ಕಾಲ್ ಕಟ್ ಮಾಡಬ್ಯಾಡ್ರಿ ಮತ್ತ."