ಜೀಪಿಗೆ ಔಷಧಿ ಹೊಡೆಸಿದ್ದು

ಮುಂಗಾರು ಶುರುವಾದ ಮೇಲೆ ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಯಾರೂ ಯಾರನ್ನೂ ‘ಆರಾಮಾ?’ ಅಂತ ಕೇಳುವುದಿಲ್ಲ. ‘ಔಷಧಿ ಹೊಡೆಸಿ ಆಯ್ತಾ?’ ಅಂತ ಕೇಳುತ್ತಾರೆ. ಅಡಿಕೆಗೆ ಬರುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ವಿಚಾರ ಅದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡು ವರ್ಷದ ಹಿಂದೆ ಸೊಸೈಟಿಯಲ್ಲಿ ಯಾರೋ ಹೀಗೆ ಕೇಳಿದಾಗ ನಾನು ಹೆಮ್ಮೆಯಿಂದ, ‘ತೋಟಕ್ಕೆ ಇನ್ನೂ ಇಲ್ಲ ಮಾರಾಯ್ರೆ, ಜೀಪಿಗೆ ಆಯ್ತು’ ಎಂದೆ. ನಕ್ಕರು. ಅವರ ನಗುವೇ ಸರಿಯಾಗಿತ್ತು ಅಂತ ಆಮೇಲೆ ಗೊತ್ತಾಯಿತು.

ಜೀಪು ಅಪ್ಪಯ್ಯನದು. ಹಸಿರು ಬಣ್ಣದ ಎಂಎಂ 540. ಯಾವುದೋ ಕಾಫಿ ಎಸ್ಟೇಟಿನವರು ಓಡಿಸಿ ಸಾಕಾಗಿ ಕೊಟ್ಟದ್ದನ್ನು 1991ರಲ್ಲಿ ತಂದಿದ್ದರು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ವಿಲ್ಲಿಸ್ ಜೀಪನ್ನು ಮಹೀಂದ್ರದವರು 1947ರಲ್ಲಿ ಮುಂಬೈಯಲ್ಲಿ ಜೋಡಿಸಲು ತೊಡಗಿದರಲ್ಲ, ಅದೇ ವಂಶದ ಕುಡಿ. ಯುದ್ಧಕ್ಕೆ ಹುಟ್ಟಿದ ಜಾತಿ ಮಲೆನಾಡಿನಲ್ಲಿ ಗೊಬ್ಬರ, ಬಾಳೆಗೊನೆ, ಬಸುರಿ ಹೆಂಗಸರು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತಿತು. ಅದರ ನಿಜವಾದ ಶತ್ರು ಮಾತ್ರ ಮೈಲುತುತ್ತ. ಡ್ರಮ್ಮಿನಲ್ಲಿ ಕರಗಿಸಿದ ನೀಲಿ ನೀರು ಪ್ರತಿ ತಿರುವಿನಲ್ಲೂ ತುಳುಕಿ ಜೀಪಿನ ನೆಲಕ್ಕೆ ಬೀಳುತ್ತಿತ್ತು. ತಾಮ್ರಕ್ಕೂ ಕಬ್ಬಿಣಕ್ಕೂ ಹುಟ್ಟಾ ಆಗದು. ದ್ರಾವಣದ ತಾಮ್ರ ಬಂದು ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಜಾಗ ಬಿಟ್ಟುಕೊಡುತ್ತದೆ. ದ್ರಾವಣ ಹದವಾಗಿದೆಯೇ ಎಂದು ನೋಡಲು ಅಪ್ಪಯ್ಯ ಮಸೆದ ಕತ್ತಿಯನ್ನು ಅದ್ದಿ ಎತ್ತುತ್ತಿದ್ದರು. ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಅರ್ಥ. ಸುಣ್ಣ ಹಾಕುವ ಮೊದಲಿನ ನೀರನ್ನೇ ಕುಡಿದ ಜೀಪಿನ ಗತಿ ಏನಾಗಬೇಡ?

ಸಾಲದ್ದಕ್ಕೆ ಮಳೆ. ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಕನ್ನಡದಲ್ಲಿ ಹುಚ್ಚು ಹಿಡಿಯುತ್ತದೆ, ದೆವ್ವ ಹಿಡಿಯುತ್ತದೆ, ತುಕ್ಕೂ ಹಿಡಿಯುತ್ತದೆ. ನಮ್ಮ ಹಿರಿಯರು ಯೋಚಿಸಿಯೇ ಮೂರಕ್ಕೂ ಒಂದೇ ಕ್ರಿಯಾಪದ ಕೊಟ್ಟಿರಬೇಕು.

ಅಪ್ಪಯ್ಯನಿಗೆ ಅದಕ್ಕೊಂದು ಉಪಾಯವಿತ್ತು. ಕೃತ್ತಿಕೆ ಮಳೆ ಮುಗಿಯುವುದರೊಳಗೆ ಬಿಸಿಲಿರುವ ಒಂದು ದಿನ ಜೀಪನ್ನು ಚೆನ್ನಾಗಿ ತೊಳೆದು ಒಣಗಿಸಿ, ಎರಡು ಚಕ್ರ ದಿಬ್ಬಕ್ಕೆ ಹತ್ತಿಸಿ ನಿಲ್ಲಿಸುತ್ತಿದ್ದರು. ಇಂಜಿನ್ನಿನಿಂದ ತೆಗೆದ ಹಳೆ ಆಯಿಲ್ಲಿಗೆ ಒಂದಿಷ್ಟು ಡೀಸೆಲ್ ಬೆರೆಸಿ, ಹಿತ್ತಾಳೆಯ ಹಳೆ ಕೈಪಂಪಿಗೆ ತುಂಬಿಸಿ, ಗೋಣಿತಾಟು ಹಾಸಿಕೊಂಡು ಅಡಿಗೆ ಹೋಗುವರು. ನಾನು ಪಂಪು ಒತ್ತಬೇಕು, ಅವರು ನಳಿಗೆ ಹಿಡಿಯಬೇಕು. ‘ಒತ್ತು... ಒತ್ತು... ಸಾಕು... ಅಯ್ಯೋ ಕಣ್ಣಿಗೆ ಬಿತ್ತಲ್ಲೋ!’ ಹೊರಗೆ ಬಂದಾಗ ಯಕ್ಷಗಾನದ ಬಣ್ಣದ ವೇಷದ ಹಾಗೆ ಕಾಣುತ್ತಿದ್ದರು. ಅಮ್ಮ ಸೀಗೆಪುಡಿ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿರುತ್ತಿದ್ದಳು. ಜೀಪು ನಿಂತ ಕಡೆ ಆ ವರ್ಷ ಹುಲ್ಲು ಹುಟ್ಟುತ್ತಿರಲಿಲ್ಲ. ಪರಿಸರದ ಗೆಳೆಯರು ಕ್ಷಮಿಸಬೇಕು.

ಅಪ್ಪಯ್ಯ ಹೋದ ಮೇಲೆ ಆ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ಅಡಿಗೆ ತೂರುವುದಕ್ಕೆ ಹೊಟ್ಟೆ ಬಿಡುತ್ತಿರಲಿಲ್ಲ ಅನ್ನುವುದೂ ನಿಜ. ಬೆಂಗಳೂರಿನಿಂದ ಬಂದ ಅಣ್ಣನ ಮಗ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಚಿಕ್ಕಪ್ಪ, ಈಗ ಸ್ಪ್ರೇ ಮಾಡೋ ಕೋಟಿಂಗ್ ಬಂದಿದೆ. ಕಾಡುಮೇಡು ಸುತ್ತೋ ನಮ್ಮ ಗೆಳೆಯರೆಲ್ಲ ಮಾಡಿಸಿದ್ದಾರೆ. ಕಲ್ಲು ಹೊಡೆದ್ರೂ ಗೀರು ಬೀಳಲ್ಲ’ ಅಂದ. ಡಬ್ಬಿಯ ದ್ರವಕ್ಕೆ ಗಟ್ಟಿಯಾಗಿಸುವ ಇನ್ನೊಂದು ದ್ರವ ಬೆರೆಸಿ, ಕಂಪ್ರೆಸರಿನ ಗಾಳಿಯಿಂದ ಸಿಡಿಸುವುದು. ಒಣಗಿದರೆ ದಪ್ಪ ಕಪ್ಪು ಚರ್ಮ. ಪಿಕಪ್ಪುಗಳ ಹಿಂಬದಿಯ ತೊಟ್ಟಿಗೆ ಅಮೆರಿಕದವರು ಬಳಿಯಲು ಶುರುಮಾಡಿದ್ದು, ಆಮೇಲೆ ಗಾಡಿಯ ಮೈಗೆಲ್ಲ ಹತ್ತಿತು.

ಪೇಟೆಯ ಒಂದು ಗ್ಯಾರೇಜಿನಲ್ಲಿ ಬಿಟ್ಟೆ. ಶುಕ್ರವಾರ ಕೊಟ್ಟು ಸೋಮವಾರ ಬೇಕು ಅಂದೆ. ಜೀಪು ತಿರುಗಿ ಬಂದಾಗ ಗುರುತೇ ಸಿಗಲಿಲ್ಲ. ನೆಲ, ಮಡ್‌ಗಾರ್ಡು, ಹಿಂದಿನ ಬಾಗಿಲಿನ ಒಳಮೈ, ಅಡಿಭಾಗ ಎಲ್ಲ ತರಿತರಿಯಾಗಿ ಕಪ್ಪಗೆ. ಎಮ್ಮೆಯ ಮೇಲೆ ಮಳೆ ಹೊಯ್ದ ಹಾಗೆ ಅನ್ನುತ್ತಾರಲ್ಲ, ಆ ಗಾದೆಗೆ ನಾಲ್ಕು ಚಕ್ರ ಜೋಡಿಸಿದಂತಿತ್ತು. ಅಮ್ಮ ಜಗಲಿಯಲ್ಲಿ ಕೂತೇ ನೋಡಿ, ‘ಅಪ್ಪಯ್ಯನ ಜೀಪಿಗೆ ಕಂಬಳಿ ಕೊಪ್ಪೆ ಹಾಕಿಸಿದ್ಯಾ?’ ಅಂದಳು.

ಆ ಮಳೆಗಾಲ ನಾನು ರಾಜ. ಎಷ್ಟು ಕೆಸರಾದರೂ ಪೈಪು ಹಿಡಿದರೆ ಜಾರಿ ಹೋಗುತ್ತಿತ್ತು. ಕೊಡಚಾದ್ರಿ ಹತ್ತುವ ಜೀಪುಗಳ ಬಾನೆಟ್ಟು ತಂತಿಯಲ್ಲಿ ಕಟ್ಟಿದ್ದನ್ನು ಕಂಡು ಮನಸ್ಸಿನಲ್ಲೇ ಕನಿಕರ ಪಟ್ಟದ್ದೂ ಉಂಟು. ಎರಡನೇ ಮಳೆಗಾಲದಲ್ಲಿ ಡ್ರೈವರ್ ಸೀಟಿನ ಕೆಳಗೆ ಒಂದು ಕಪ್ಪೆ ಸಂಸಾರ ಹೂಡಿತು. ನೀರಿಲ್ಲದೆ ಕಪ್ಪೆ ಬರುತ್ತದೆಯೇ? ನಮ್ಮೂರ ಗ್ಯಾರೇಜಿನ ಸಾಬರು ಬಂದು, ಮೊಣಕಾಲೂರಿ, ನೆಲಕ್ಕೆ ಸ್ಕ್ರೂಡ್ರೈವರ್ ಒತ್ತಿದರು. ಅದು ಹಪ್ಪಳ ಚುಚ್ಚಿದ ಹಾಗೆ ಚರಕ್ಕೆಂದು ಆಚೆಗೆ ಹೋಯಿತು. ಮೇಲೆ ಎಮ್ಮೆ, ಒಳಗೆ ಹಪ್ಪಳ.

‘ನೀರು ಹೋಗೋ ತೂತೆಲ್ಲ ಮುಚ್ಚಿಬಿಟ್ಟಿದ್ದಾರೆ ಭಟ್ರೆ,’ ಅಂದರು ಸಾಬರು. ‘ತುಕ್ಕು ತೆಗೀದೆ ಅದ್ರ ಮೇಲೇ ಹೊಡ್ದಿದ್ದಾರೆ. ಗಾಯ ತೊಳೀದೆ ಪಟ್ಟಿ ಕಟ್ಟಿದ ಹಂಗೆ.’

ಔಷಧಿಯನ್ನು ದೂರಿ ಫಲವಿಲ್ಲ. ತುಕ್ಕನ್ನು ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಬೇಕು, ಗಟ್ಟಿ ಇರುವ ಹಳೆ ಬಣ್ಣವನ್ನು ಎಮರಿ ಕಾಗದದಿಂದ ಮಂಕಾಗಿಸಬೇಕು, ಜಿಡ್ಡು ಒರೆಸಬೇಕು, ಪ್ರೈಮರ್ ಬಳಿಯಬೇಕು, ತೂತುಗಳಿಗೆ ಟೇಪು ಹಚ್ಚಬೇಕು. ಆಮೇಲೆ ಹೊಡೆದರೆ ಆ ಚರ್ಮ ನಿಜಕ್ಕೂ ಬಾಳುತ್ತದೆ. ಹೊಡೆಯುವವನಿಗೆ ಸರಿಯಾದ ಮುಖವಾಡವೂ ಬೇಕು. ಗಟ್ಟಿಯಾಗಿಸುವ ದ್ರವದ ಐಸೋಸೈನೇಟ್ ಶ್ವಾಸಕೋಶಕ್ಕೆ ಹೋದರೆ ದಮ್ಮು ಹಿಡಿಸುತ್ತದೆ. (ನೋಡಿ, ಅದೂ ಹಿಡಿಯುತ್ತದೆ.) ಆ ಗ್ಯಾರೇಜಿನ ಹುಡುಗ ಕರವಸ್ತ್ರ ಕಟ್ಟಿಕೊಂಡಿದ್ದ. ಹೊಡೆಯುವುದು ಅರ್ಧ ದಿನದ ಕೆಲಸ, ಉಜ್ಜುವುದು ವಾರದ್ದು. ಸೋಮವಾರ ಬೇಕು ಅಂದವನು ನಾನೇ. ಹೊದಿಕೆಯ ಅಡಿಯಲ್ಲಿ ನೀರೂ ಗಾಳಿಯೂ ಸಿಕ್ಕಿಕೊಂಡವು, ತುಕ್ಕು ತಿಂದ ಕಬ್ಬಿಣ ಆರು ಪಟ್ಟಿನವರೆಗೂ ಊದುತ್ತದಂತೆ, ಊದಿತು. ಅಪ್ಪಯ್ಯನ ಎಣ್ಣೆ ಬಡವನ ಔಷಧಿ. ವರ್ಷಕ್ಕೊಮ್ಮೆ ತೊಳೆದು ಹೋಗುತ್ತಿತ್ತು, ಆದ್ದರಿಂದ ವರ್ಷಕ್ಕೊಮ್ಮೆ ಅವರು ಅಡಿಗೆ ಹೋಗಿ ಪ್ರತಿ ಮೂಲೆಯನ್ನೂ ನೋಡಿ ಬರುತ್ತಿದ್ದರು.

ಸಾಬರು ಹಿಂದಿನ ಬಾಗಿಲಿನ ಕಪ್ಪು ಚರ್ಮವನ್ನು ಒಂದು ಮೂಲೆಯಲ್ಲಿ ಎಬ್ಬಿಸಿ ಎಳೆದರು. ಬಾಳೆಪಟ್ಟೆ ಸುಲಿದ ಹಾಗೆ ಬಂತು. ಹಸಿರು ಬಣ್ಣ ಬಾಗಿಲಲ್ಲೇ ಉಳಿಯಿತು. ಚರ್ಮದ ಒಳಮೈಗೆ ಮಾತ್ರ ಬಿಳಿ ಅಕ್ಷರಗಳು ಅಂಟಿಕೊಂಡು ಬಂದವು, ಎಲ್ಲ ಹಿಂದುಮುಂದಾಗಿ. ನನಗೆ ಮರೆತೇ ಹೋಗಿತ್ತು: ಪ್ರತಿ ವರ್ಷ ತೋಟಕ್ಕೆ ಔಷಧಿ ಹೊಡೆಸಿದ ತಾರೀಕನ್ನು ಅಪ್ಪಯ್ಯ ಬಿಳಿ ಪೇಂಟಿನಲ್ಲಿ ಅಲ್ಲಿ ಬರೆದಿಡುತ್ತಿದ್ದರು. ಒಂದನೇದು, ಎರಡನೇದು. ಒಳಗಿನಿಂದ ಗಡ್ಡ ಹೆರೆಯುವ ಕನ್ನಡಿ ತಂದು ಹಿಡಿದು ಓದಿದೆ. ಕೊನೆಯ ಸಾಲು: 2014, ಒಂದನೇದು, ಜೂನ್ 11. ಎರಡನೇದರ ಮುಂದೆ ಖಾಲಿ. ಆ ವರ್ಷದ ಎರಡನೇ ಔಷಧಿ ನಾನು ಹೊಡೆಸಿದ್ದು. ತಾರೀಕು ಬರೆದಿಟ್ಟಿಲ್ಲ.

ನೆಲದ ತಗಡು ಹೊಸದು ಬೆಸುಗೆ ಹಾಕಿಸಿದ್ದೇನೆ, ತೂತುಗಳನ್ನು ನಾನೇ ಎಣಿಸಿ ಬಿಡಿಸಿದ್ದೇನೆ. ಅಟ್ಟದಿಂದ ಹಿತ್ತಾಳೆ ಪಂಪನ್ನೂ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ ಇಟ್ಟಿದ್ದೇನೆ. ಒಳಗಿನ ಚರ್ಮದ ವಾಷರು ಒಣಗಿ ಚೂರಾಗಿದೆ. ತೀರ್ಥಹಳ್ಳಿ, ಕೊಪ್ಪ, ಶಿವಮೊಗ್ಗ ಮೂರೂ ಕಡೆ ಕೇಳಿದೆ, ಪ್ಲಾಸ್ಟಿಕ್ಕಿನದು ಬಿಟ್ಟರೆ ಬೇರೆ ಇಲ್ಲ ಅಂದರು. ಒಂದೂಕಾಲು ಇಂಚಿನದು, ಬಟ್ಟಲಿನ ಆಕಾರದ್ದು. ನಿಮ್ಮೂರ ಯಾವುದಾದರೂ ಹಳೆ ಅಂಗಡಿಯಲ್ಲಿ ಕಂಡರೆ ದಯವಿಟ್ಟು ಎರಡು ತೆಗೆದಿಡಿ. ಕೃತ್ತಿಕೆ ಮಳೆಯ ಒಳಗೆ ಬೇಕು.