ಗೆರೆ ಎಳೆಯುವ ಚಟ

ಕೆಲವರಿಗೆ ಇಸ್ಪೀಟು, ಕೆಲವರಿಗೆ ಪದಬಂಧ. ನನಗೆ ಬಿಳಿ ಬೋರ್ಡಿನ ಮೇಲೆ ಚೌಕ ಬರೆದು ಗೆರೆ ಎಳೆಯುವ ಚಟ. ಅದಕ್ಕೆ ಸಂಬಳ ಬೇರೆ ಕೊಡುತ್ತಾರೆ, ನನ್ನ ಪುಣ್ಯ. ವಿಸಿಟಿಂಗ್ ಕಾರ್ಡಿನಲ್ಲಿ ಎಂಟರ್‌ಪ್ರೈಸ್ ಆರ್ಕಿಟೆಕ್ಟ್ ಎಂದಿರುವುದನ್ನು ನೋಡಿ ನೆಂಟರೊಬ್ಬರು, ‘ನಮ್ಮ ಥರ್ಟಿ ಫಾರ್ಟಿ ಸೈಟಿಗೊಂದು ಪ್ಲಾನ್ ಹಾಕಿಕೊಡಪ್ಪ’ ಎಂದರು. ನಾನು ಹಾಕುವ ಪ್ಲಾನಿನಲ್ಲಿ ಗೋಡೆ ಇರುವುದಿಲ್ಲ, ವಾಸ್ತು ಮಾತ್ರ ಉಂಟು: ಕಂಪನಿ ಎತ್ತ ಹೊರಟಿದೆ, ಅದರ ಸಾಫ್ಟ್‌ವೇರುಗಳು ಎತ್ತ ಮುಖ ಮಾಡಿ ಕೂತಿವೆ ಎಂದು ನೋಡುವ ವಾಸ್ತು.

ಚೌಕ ಬರೆಯುವುದು ಸಲೀಸು. ಬಿಲ್ಲಿಂಗ್, ದಾಸ್ತಾನು, ಸಂಬಳ, ಗ್ರಾಹಕರ ಪಟ್ಟಿ, ಹೀಗೆ ಇರುವುದನ್ನೆಲ್ಲ ಬರೆದರಾಯಿತು. ರುಚಿಯೆಲ್ಲ ಗೆರೆಯಲ್ಲಿದೆ. ‘ಗ್ರಾಹಕರು ಯಾವ ಶಾಖೆಗೆ ಹೋದರೂ ಗುರುತು ಹಿಡಿಯಬೇಕು’ ಎಂದು ಮಾಲೀಕರು ಸಭೆಯಲ್ಲಿ ಹೇಳಿರುತ್ತಾರೆ. ಬೋರ್ಡು ನೋಡಿದರೆ ಗ್ರಾಹಕರ ಪಟ್ಟಿ ಮೂರು ಕಡೆ ಇದೆ. ಒಂದರಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಹೆಸರೇ ಇಲ್ಲ, ಬರೀ ಮೊಬೈಲ್ ನಂಬರು. ಒಬ್ಬನೇ ಮನುಷ್ಯ, ಮೂರು ಅವತಾರ! ಮಾಲೀಕರ ಮಾತಿನಿಂದ ಈ ಮೂರಕ್ಕೂ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಎರಡು ಚೌಕದ ಮೇಲೆ ಮೆಲ್ಲಗೆ ಕಾಟು ಹಾಕುತ್ತೇನೆ. ‘ಅದು ಹೋದರೆ ನಮ್ಮ ಕೆಲಸವೇ ನಿಂತುಹೋಗುತ್ತೆ ಸಾರ್’ ಎಂದು ಯಾರಾದರೂ ಏಳುತ್ತಾರೆ. ಅಸಲಿ ಮಾತು ಶುರುವಾಗುವುದು ಆಗಲೇ.

ಈ ವಿದ್ಯೆಗೆ ಒಂದು ಚೌಕಟ್ಟು ಕೊಟ್ಟವರು ಐಬಿಎಂನಲ್ಲಿದ್ದ ಜಾನ್ ಝಾಕ್‌ಮನ್. 1987ರ ಲೇಖನದಲ್ಲಿ ಅವರು ವಿವರಿಸಿದ್ದು ಏನು, ಹೇಗೆ, ಎಲ್ಲಿ ಎಂಬ ಮೂರು ಪ್ರಶ್ನೆಗಳನ್ನು. ಯಾರು, ಯಾವಾಗ, ಯಾಕೆ ಎಂಬ ಇನ್ನು ಮೂರಕ್ಕೆ ವಿವರ ಸಿಕ್ಕಿದ್ದು 1992ರಲ್ಲಿ, ಜಾನ್ ಸೋವಾ ಜೊತೆಗೂಡಿ ಬರೆದಾಗ. ಕಚೇರಿಗಳಲ್ಲೂ ಹಾಗೇ, ‘ಯಾಕೆ’ ಯಾವಾಗಲೂ ತಡವಾಗಿಯೇ ಬರುತ್ತದೆ. ಸಾಫ್ಟ್‌ವೇರ್ ಕೊಂಡು, ಪೂಜೆ ಮಾಡಿ, ಎಲ್ಲರಿಗೂ ಪಾಸ್‌ವರ್ಡ್ ಹಂಚಿದ ಮೇಲೆ!

ನನಗೆ ಬಲು ಇಷ್ಟವಾದ ಗೆರೆಗಳು ನಮ್ಮ ಸರ್ಕಾರದವು. ಪಹಣಿಗೆ ‘ಭೂಮಿ’, ನೋಂದಣಿಗೆ ‘ಕಾವೇರಿ’, ಸರ್ವೆಗೆ ‘ಮೋಜಿಣಿ’. ಮೂರೂ ಬೇರೆ ಬೇರೆ ತಂತ್ರಾಂಶಗಳು. ಜಮೀನಿನಲ್ಲಿ ಒಂದು ಭಾಗ ಮಾರಬೇಕಾದರೆ ಮೊದಲು ಸರ್ವೆಯ 11ಇ ನಕ್ಷೆ ಬೇಕು. ಕ್ರಯಪತ್ರ ನೋಂದಣಿಯಾದ ಮೇಲೆ ಅದರ ವಿವರ ಹೊತ್ತ ಜೆ ಸ್ಲಿಪ್ ಕಾವೇರಿಯಿಂದ ಭೂಮಿಗೆ ಹೋಗಿ ಖಾತೆ ಬದಲಾವಣೆಯ ಕೆಲಸ ಶುರುವಾಗುತ್ತದೆ. ಬೋರ್ಡಿನ ಮೇಲೆ ಇವು ಬೆರಳುದ್ದದ ಗೆರೆಗಳು. ಆದರೆ ರೈತನ ಓಡಾಟ ತಪ್ಪಿಸುವುದು, ಒಂದೇ ಜಮೀನಿಗೆ ಎರಡು ಲೆಕ್ಕ ಬರದಂತೆ ನೋಡಿಕೊಳ್ಳುವುದು ಎಂಬ ಧೋರಣೆಯೆಲ್ಲ ಆ ಗೆರೆಗಳ ಮೇಲೇ ನಿಂತಿದೆ.

ನಿಮ್ಮಲ್ಲೂ ಹೊಸ ಸಾಫ್ಟ್‌ವೇರ್ ತರುವ ಮಾತು ಬಂದರೆ, ಕೊಟೇಷನ್ ತರಿಸುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಸಂಸ್ಥೆಯ ಗುರಿಯನ್ನು ಮೇಲ್ಗಡೆ ಒಂದೇ ಸಾಲಿನಲ್ಲಿ ಬರೆಯಿರಿ, ಸಾಫ್ಟ್‌ವೇರಿನ ಹೆಸರನ್ನು ಕೆಳಗಡೆ. ನಡುವೆ ಗೆರೆ ಎಳೆದು, ಅದರ ಪಕ್ಕ ಕಾರಣ ಬರೆಯಿರಿ. ಬರೆಯಲು ಕಾರಣ ಹೊಳೆಯದಿದ್ದರೆ ದುಡ್ಡು ಕೊಡಬೇಡಿ.